ಆಯ್ಕೆಯ ಮಾತು, ಬೆಳಕಿನ ಮಾತು

ಇಂಗ್ಲಿಷಿನ ‘ಆಪ್ಷನ್’ ಮತ್ತು ‘ಆಪ್ಟಿಕ್ಸ್’ ಒಂದೇ ಮನೆಯವೆಂದು ತೋರಿದರೂ ಅವುಗಳ ನಡುವೆ ನಂಟಿಲ್ಲ. ಮೊದಲನೆಯದು ಲ್ಯಾಟಿನ್ನಿನ ‘ಆಪ್ಟಾರೆ’ಯಿಂದ ಬಂದದ್ದು, ಬಯಸು, ಆರಿಸಿಕೊ ಎಂಬ ಎರಡೂ ಅರ್ಥ ಅದಕ್ಕಿದ್ದವು. ಎರಡನೆಯದು ಗ್ರೀಕಿನದು, ಕಣ್ಣಿಗೂ ನೋಟಕ್ಕೂ ಸೇರಿದ್ದು. ಪದಗಳ ಬೇರು ಹುಡುಕುವ ಹವ್ಯಾಸ ಹತ್ತಿದವರಿಗೆ ಇಂಥ ಜೋಡಿ ಸಿಕ್ಕರೆ ಒಂದು ಸಂಜೆ ಸಾಲದು. ಪಾ.ವೆಂ. ಆಚಾರ್ಯರ ‘ಪದಾರ್ಥ ಚಿಂತಾಮಣಿ’ ಓದಿದ ಕನ್ನಡಿಗರಿಗೆ ಆ ರುಚಿ ಗೊತ್ತು.

‘ಅಡಾಪ್ಟ್’ ಕೂಡ ಆಪ್ಟಾರೆಯ ಕುಡಿಯೇ. ಚಕ್ರವರ್ತಿ ನೆರ್ವಾ ಕ್ರಿ.ಶ. 97ರಲ್ಲಿ ಟ್ರಾಜನ್‌ನನ್ನು ದತ್ತು ತೆಗೆದುಕೊಂಡಾಗ ರೋಮಿಗೆ ಸಿಕ್ಕಿದ್ದು ಹೊಟ್ಟೆಯಲ್ಲಿ ಹುಟ್ಟಿದ ಉತ್ತರಾಧಿಕಾರಿಯಲ್ಲ, ಬೇಕೆಂದು ಆರಿಸಿಕೊಂಡ ಮಗ. ‘ಆಪ್ಟಿಮಿಸಂ’ ಅನ್ನೂ ಈ ಗುಂಪಿಗೆ ಸೇರಿಸಿಬಿಡುವ ಆಸೆ ಹುಟ್ಟುವುದು ಸಹಜ. ಆದರೆ ಅದು ‘ಅತ್ಯುತ್ತಮ’ ಎಂಬರ್ಥದ ‘ಆಪ್ಟಿಮಸ್’ನಿಂದ ಬಂದದ್ದು. ಇರಬಹುದಾದ ಲೋಕಗಳಲ್ಲೆಲ್ಲ ಈ ಲೋಕವೇ ಅತ್ಯುತ್ತಮ ಎಂದು ಲೈಬ್ನಿಟ್ಸ್ 1710ರಲ್ಲಿ ಹೂಡಿದ ವಾದಕ್ಕೆ ಫ್ರೆಂಚಿನಲ್ಲಿ ಇಟ್ಟ ಹೆಸರದು.

ನೋಟದ ಬಳಗ ಇನ್ನೂ ದೊಡ್ಡದು. ‘ಸಿನಾಪ್ಸಿಸ್’ ಎಂದರೆ ಎಲ್ಲವನ್ನೂ ಒಟ್ಟಿಗೆ ನೋಡುವುದು. ಶವಪರೀಕ್ಷೆಯನ್ನು ಸೂಚಿಸುವ ‘ಆಟಾಪ್ಸಿ’ಯ ಮೂಲಾರ್ಥ ಸ್ವತಃ ಕಣ್ಣಾರೆ ಕಾಣುವುದು ಎಂದಷ್ಟೇ. 1704ರಲ್ಲಿ ನ್ಯೂಟನ್ ತನ್ನ ಬೆಳಕಿನ ಗ್ರಂಥಕ್ಕೆ ‘ಆಪ್ಟಿಕ್ಸ್’ ಎಂದೇ ಹೆಸರಿಟ್ಟ.

ಬೆಳಕಿನ ಶಾಸ್ತ್ರದ ಪದಗಳಲ್ಲಿ ಅತ್ಯಂತ ಸೊಗಸಾದದ್ದು ‘ಲೆನ್ಸ್’. ಲ್ಯಾಟಿನ್ನಿನಲ್ಲಿ ಅದು ಒಂದು ಕಾಳಿನ ಹೆಸರು, ನಮ್ಮ ಅಡುಗೆಮನೆಯ ಚನ್ನಂಗಿ ಬೇಳೆಯ ಕಾಳು. ಸಿಪ್ಪೆ ತೆಗೆಯದ ಇಡೀ ಕಾಳನ್ನು ಅಂಗೈ ಮೇಲಿಟ್ಟು ನೋಡಬೇಕು: ಕಂದು ಬಣ್ಣ, ಸುತ್ತ ತೆಳುವಾದ ಅಂಚು, ನಡುವೆ ಎರಡೂ ಕಡೆ ಉಬ್ಬು. ಭೂತಗನ್ನಡಿಯ ಗಾಜಿನ ಆಕಾರ ಅಲ್ಲಿ ಹಾಗೆಯೇ ಇದೆ. ಕನ್ನಡದ ಶಾಲಾಪುಸ್ತಕಗಳೂ ಅದಕ್ಕೆ ಅದೇ ಕಾಳಿನ ಹೆಸರಿಟ್ಟು ‘ಮಸೂರ’ ಎನ್ನುತ್ತವೆ. ಪೀನ ಮಸೂರಕ್ಕೆ ಇದು ಪೂರ್ತಿ ಒಪ್ಪುತ್ತದೆ. ನಡುವೆ ತಗ್ಗಿರುವ ನಿಮ್ನ ಮಸೂರವಂತೂ ಕಾಳನ್ನು ಹೋಲುವುದೇ ಇಲ್ಲ, ಆದರೂ ಹೆಸರು ಅದಕ್ಕೂ ಅಂಟಿಕೊಂಡಿದೆ. ‘ಫೋಕಸ್’ ಸಹ ಅಡುಗೆಮನೆಗೆ ಹತ್ತಿರದ್ದೇ. ಲ್ಯಾಟಿನ್ನಿನಲ್ಲಿ ಅದು ಮನೆಯ ಅಗ್ಗಿಷ್ಟಿಕೆ. 1604ರಲ್ಲಿ ಅದನ್ನು ಗಣಿತಕ್ಕೆ ತಂದವನು ಕೆಪ್ಲರ್. ಕೂಡಿಸಿದ ಬಿಸಿಲು ಬೆಂಕಿ ಹೊತ್ತಿಸುವ ಬಿಂದುವಿಗೆ ಇದಕ್ಕಿಂತ ಒಳ್ಳೆಯ ಹೆಸರು ಸಿಗುವುದು ಕಷ್ಟ.

ಹಾಗಾದರೆ ಆಯ್ಕೆಗೂ ಬೆಳಕಿಗೂ ಎಲ್ಲಿಯೂ ನಂಟಿಲ್ಲವೇ? ಇದೆ, ಆದರೆ ಯಾರೂ ಹುಡುಕದ ಕಡೆ ಇದೆ. ರೋಮಿನಲ್ಲಿ ಅಧಿಕಾರದ ಹುದ್ದೆಗೆ ಜನರ ಮತ ಕೇಳಲು ಹೊರಟವನು ಸುಣ್ಣದ ಪುಡಿ ಉಜ್ಜಿ ಬೆಳ್ಳಗೆ ಹೊಳೆಯುವಂತೆ ಮಾಡಿದ ಟೋಗಾ ಉಟ್ಟು ಬರುತ್ತಿದ್ದ. ಆ ಬಿಳಿಯ ಉಡುಗೆಯಿಂದಲೇ ಅವನು ‘ಕ್ಯಾಂಡಿಡೇಟಸ್’ ಆದ. ಇಂದಿನ ಚುನಾವಣೆಯ ‘ಕ್ಯಾಂಡಿಡೇಟ್’ ಅಲ್ಲಿಂದ ಬಂದವನು. ಆ ಪದದ ಹಿಂದಿರುವುದು ‘ಹೊಳೆ’ ಎಂಬರ್ಥದ ‘ಕ್ಯಾಂಡೇರೆ’ ಧಾತು. ಮೇಣದಬತ್ತಿಯ ‘ಕ್ಯಾಂಡಲ್’ ಹುಟ್ಟಿದ್ದೂ ಅದರಿಂದಲೇ. ಬೆಳಕಿನ ತೀವ್ರತೆಯನ್ನು ಅಳೆಯುವ ಮಾನಕ್ಕೆ 1948ರಲ್ಲಿ ‘ಕ್ಯಾಂಡೆಲಾ’ ಎಂಬ ಹೆಸರು ಗೊತ್ತಾಯಿತು. ಎಸ್‌ಐ ಪದ್ಧತಿಯ ಏಳು ಮೂಲಮಾನಗಳಲ್ಲಿ ಇಂದು ಅದೂ ಒಂದು.