ಅಪ್ಪನ ಇಂಟರ್‌ವ್ಯೂಗೆ ನಾನು ಕೇಳಿದ ಪ್ರಶ್ನೆಗಳು

ರಾಯ್ ಎಂದರೆ ನಿಮಗೆ ಏನು ನೆನಪಾಗುತ್ತದೆ? ಅವೆನ್ಯೂಸ್ ಮಾಲ್ ಇರಬಹುದು, ಶುಕ್ರವಾರದ ಸಂತೆ ಇರಬಹುದು. ನಮ್ಮ ಮನೆಯಲ್ಲಿ ಮಾತ್ರ ರಾಯ್ ಎಂದರೆ ಅಪ್ಪನ ವರ್ಕ್‌ಶಾಪ್. ಗೋದಾಮು, ಗ್ಯಾರೇಜು, ಶೋರೂಮುಗಳ ನಡುವಿನ ಆ ಶೆಡ್ಡಿನಿಂದ ಅವರು ಹದಿನೇಳು ವರ್ಷಗಳಿಂದ ಟೂಲ್ ಬ್ಯಾಗ್ ಹಿಡಿದು ಹೊರಡುತ್ತಿದ್ದಾರೆ. ಊರಲ್ಲಿ ಐಟಿಐ ಓದಿ ಬಂದ ಎಸಿ ಮೆಕ್ಯಾನಿಕ್. ದೊಡ್ಡ ಕಟ್ಟಡಗಳ ತಾರಸಿಯ ಮೇಲಿರುವ ಚಿಲ್ಲರ್‌ಗಳನ್ನು ನೋಡಿಕೊಳ್ಳುವುದು ಅವರ ಕೆಲಸ.

ಎರಡು ತಿಂಗಳ ಹಿಂದೆ ಅವರ ಕಂಪನಿಯಲ್ಲೇ ಬಿಎಂಎಸ್ ಟೆಕ್ನಿಷಿಯನ್ ಹುದ್ದೆ ಖಾಲಿಯಾಯಿತು. ಬಿಎಂಎಸ್ ಎಂದರೆ ಕಟ್ಟಡದ ಎಸಿ, ಫ್ಯಾನು, ಪಂಪುಗಳನ್ನೆಲ್ಲ ಕಂಟ್ರೋಲ್ ರೂಮಿನ ಕಂಪ್ಯೂಟರ್ ಪರದೆಯಲ್ಲಿ ನೋಡಿ ನಡೆಸುವ ವ್ಯವಸ್ಥೆ. ಕಂಪನಿಯ ಒಳಗಿನವರಿಗೆ ಮಾತ್ರ ಇಂಟರ್‌ವ್ಯೂ. ಅಪ್ಪನಿಗೆ ಐವತ್ತು ಹತ್ತಿರವಾಯಿತು, ಮೊಣಕಾಲು ನೋವು ಬೇರೆ. ಜೂನ್ 1ರಿಂದ ಆಗಸ್ಟ್ 31ರವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಬಿಸಿಲಿನಲ್ಲಿ ಕೆಲಸ ಮಾಡಿಸಬಾರದೆಂಬ ನಿಯಮ ಇಲ್ಲಿದೆ, ನಿಜ. ಆದರೆ ಆ ತಿಂಗಳುಗಳಲ್ಲಿ ಬೆಳಿಗ್ಗೆ ಹತ್ತಕ್ಕೇ ತಾರಸಿಯ ಕಬ್ಬಿಣದ ಏಣಿ ಕೈ ಸುಡುತ್ತದೆ. 2016ರ ಜುಲೈ 21ರಂದು ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದ ದೇಶ ಇದು. ಕಂಟ್ರೋಲ್ ರೂಮ್ ಸಿಕ್ಕಿದರೆ ಏಣಿ ಹತ್ತುವುದು ತಪ್ಪುತ್ತದೆ. ಕಂಪನಿ ಅದೇ ಆದ್ದರಿಂದ ವೀಸಾ ವರ್ಗಾವಣೆಯ ತಲೆನೋವೂ ಇಲ್ಲ.

ಅಮ್ಮ ನನ್ನ ಕೈಗೆ ಒಂದು ನೋಟ್‌ಬುಕ್ ಕೊಟ್ಟು, "ನೀನು ಪ್ರಶ್ನೆ ಕೇಳು" ಎಂದರು. ಹನ್ನೊಂದನೇ ತರಗತಿಯ ಹುಡುಗಿ ಇಂಟರ್‌ವ್ಯೂ ಮಾಡುವುದೆಂದರೆ ಅಪ್ಪನಿಗೆ ಮೊದಲು ನಗು. ನಾನು ಗಂಭೀರವಾಗಿಯೇ "ನಿಮ್ಮ ಬಗ್ಗೆ ಹೇಳಿ" ಎಂದೆ.

"ಎಂತ ಹೇಳುವುದು ಮಾರಾಯ್ತಿ? ಅವರಿಗೆ ನಾನು ಗೊತ್ತುಂಟಲ್ಲ!"

ಒಳಗಿನ ಇಂಟರ್‌ವ್ಯೂ ಸುಲಭ ಎಂದು ನೀವು ಅಂದುಕೊಂಡಿದ್ದರೆ, ಕಷ್ಟ ಇರುವುದು ಇಲ್ಲಿಯೇ. ಕೇಳುವ ಮೂವರಲ್ಲಿ ಒಬ್ಬರು ಅಪ್ಪನನ್ನು ದಿನಾ ನೋಡುವ ಮ್ಯಾನೇಜರ್. ಉಳಿದ ಇಬ್ಬರಿಗೆ ಅಪ್ಪ ಒಂದು ಸ್ಟಾಫ್ ನಂಬರ್ ಅಷ್ಟೇ. ಗೊತ್ತಿರುವ ಮ್ಯಾನೇಜರ್ ಕೂಡ ಅಂದು ಬಾಯಿಂದ ಬಂದ ಮಾತಿಗಷ್ಟೇ ಅಂಕ ಕೊಡಬಹುದು. ಹಾಗಾಗಿ ಅಪರಿಚಿತರ ಮುಂದೆ ಹೇಳಿದಂತೆಯೇ ಎಲ್ಲವನ್ನೂ ಮೊದಲಿನಿಂದ ಹೇಳಬೇಕು.

ಇನ್ನೊಂದು ತೊಡಕು "ನಾವು" ಎಂಬ ಪದ. ಯಾವ ಕೆಲಸದ ಬಗ್ಗೆ ಕೇಳಿದರೂ ಅಪ್ಪ "ನಾವು ಪಂಪ್ ಬಿಚ್ಚಿದೆವು, ನಾವು ಬೇರಿಂಗ್ ಬದಲಿಸಿದೆವು" ಎನ್ನುತ್ತಿದ್ದರು. "ನಾವು ಎಂದರೆ ಯಾರು?" ಎಂದು ಕೇಳಿದರೆ ಮುಖ ಸಪ್ಪಗಾಗುತ್ತಿತ್ತು. "ನಾನು ನಾನು ಅಂದರೆ ಜಂಬ ಅಲ್ವಾ?" ನನಗೆ ಇದು ಬರಿಯ ಇಂಗ್ಲಿಷಿನ ಸಮಸ್ಯೆ ಅನ್ನಿಸಲಿಲ್ಲ. ನಮ್ಮನ್ನೆಲ್ಲ ಬೆಳೆಸಿರುವುದೇ ಹಾಗೆ. ಕೊನೆಗೆ ಅಮ್ಮನೇ ದಾರಿ ತೋರಿಸಿದರು: ತಂಡ ಮಾಡಿದ್ದಕ್ಕೆ ನಾವು, ತೀರ್ಮಾನ ತೆಗೆದುಕೊಂಡಿದ್ದಕ್ಕೆ ನಾನು. "ಪಂಪ್ ಬಿಚ್ಚಿದ್ದು ನಾವು. ಮೋಟಾರ್ ಸರಿ ಇದೆ, ಬೇರಿಂಗ್ ಹೋಗಿದೆ ಎಂದು ಸದ್ದು ಕೇಳಿ ಹೇಳಿದ್ದು ನಾನು." ಇಷ್ಟು ಹೇಳಲು ಅಪ್ಪನಿಗೆ ಒಂದು ವಾರ ಬೇಕಾಯಿತು.

ತಾಂತ್ರಿಕ ಪ್ರಶ್ನೆಗಳಿಗೆ ಅವರ ಹಳೆಯ ಜಾಬ್ ಕಾರ್ಡ್‌ಗಳೇ ನಮ್ಮ ಪಠ್ಯಪುಸ್ತಕ. ಒಂದರಿಂದ ನಾನು ಕೇಳಿದೆ: "ಮಧ್ಯಾಹ್ನ ಎರಡಕ್ಕೆ ಚಿಲ್ಲರ್ ಹೈ ಪ್ರೆಶರ್ ಆಗಿ ಟ್ರಿಪ್ ಆಗುತ್ತದೆ, ರಾತ್ರಿ ಸರಿಯಾಗಿ ಓಡುತ್ತದೆ. ಏಕೆ?" ಇಂಗ್ಲಿಷಿನಲ್ಲಿ ಬಂದ ಉತ್ತರ ಎರಡೇ ಪದ: "ಕಂಡೆನ್ಸರ್ ಡರ್ಟಿ." ಕನ್ನಡದಲ್ಲಿ ಹೇಳಿ ಎಂದೆ. ಆಗ ನೋಡಿ!

"ಚಿಲ್ಲರ್ ಅಂದರೆ ಒಳಗಿನ ಬಿಸಿಯನ್ನು ಹೊತ್ತು ಹೊರಗೆ ಹಾಕುವ ಕೂಲಿ ಆಳು. ಹೊರಗಿನ ಗಾಳಿಯೇ ಬೆಂಕಿಯ ಹಾಗೆ ಇದ್ದರೆ ಹೊರೆ ಇಳಿಸುವುದು ಎಲ್ಲಿ? ಅದರ ಮೇಲೆ ಕಾಯಿಲ್‌ಗೆ ಧೂಳು ಕೂತರೆ ಕಂಬಳಿ ಹೊದೆಸಿದ ಹಾಗೆ. ಬಿಸಿ ಹೊರಗೆ ಹೋಗದಿದ್ದರೆ ಒಳಗೆ ಗ್ಯಾಸಿನ ಒತ್ತಡ ಏರುತ್ತದೆ, ಮಿತಿ ದಾಟಿದರೆ ಮೆಷಿನ್ ತನ್ನನ್ನು ಉಳಿಸಿಕೊಳ್ಳಲಿಕ್ಕೆ ನಿಲ್ಲುತ್ತದೆ. ರಾತ್ರಿ ಗಾಳಿ ಸ್ವಲ್ಪ ತಣ್ಣಗಾದರೆ ಅದೇ ಕಾಯಿಲ್‌ನಲ್ಲಿ ಹೇಗೋ ಸುಧಾರಿಸುತ್ತದೆ. ತೊಳೆದ ಮೇಲೂ ನಿಂತರೆ ಫ್ಯಾನ್ ನೋಡಬೇಕು, ಗ್ಯಾಸ್ ಹೆಚ್ಚಾಗಿದೆಯಾ ನೋಡಬೇಕು."

ನನ್ನ ಭೌತಶಾಸ್ತ್ರದ ಪುಸ್ತಕದಲ್ಲಿ ಇಷ್ಟು ಚೆನ್ನಾಗಿ ಇಲ್ಲ. ನಾನು ಅದನ್ನು ಹಾಗೆಯೇ ಬರೆದುಕೊಂಡೆ. ಆಮೇಲೆ ಇಬ್ಬರೂ ಕೂತು ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳನ್ನಾಗಿ ಮಾಡಿದೆವು. ಕೂಲಿ ಆಳನ್ನೂ ಕಂಬಳಿಯನ್ನೂ ಬಿಡಲಿಲ್ಲ. ನಿಮ್ಮ ಮನೆಯಲ್ಲಿ ಯಾರಾದರೂ ಇಂಟರ್‌ವ್ಯೂಗೆ ಹೊರಟಿದ್ದರೆ ಮೊದಲು ಕನ್ನಡದಲ್ಲಿ ಉತ್ತರ ಹೇಳಿಸಿ. ಗೊತ್ತಿರುವುದೆಷ್ಟು, ಇಂಗ್ಲಿಷ್ ತಡೆದಿರುವುದೆಷ್ಟು ಎಂದು ಬೇರೆ ಬೇರೆಯಾಗಿ ಕಾಣುತ್ತದೆ.

ಪರದೆ ಓದುವುದು ಮಾತ್ರ ಹೊಸದಾಗಿ ಕಲಿಯಬೇಕಿತ್ತು. ಚಿಲ್ಲರ್‌ನಿಂದ ತಣ್ಣೀರು ಸುಮಾರು 7 ಡಿಗ್ರಿಯಲ್ಲಿ ಹೊರಟು 12ರಲ್ಲಿ ಮರಳಬೇಕು. ಕಡು ಮಧ್ಯಾಹ್ನವೂ 9ರಲ್ಲೇ ಮರಳುತ್ತಿರುವ ಹಾಗೆ ಒಂದು ಗ್ರಾಫ್ ಬರೆದು ತೋರಿಸಿದೆ. ಅಪ್ಪ ಕನ್ನಡಕ ಏರಿಸಿ ನೋಡಿ, "ನೀರು ಬಿಸಿ ಎತ್ತಿಕೊಳ್ಳದೆ ಸುಮ್ಮನೆ ಸುತ್ತಿ ಬರ್ತಾ ಉಂಟು" ಎಂದರು. ಅಲ್ಲಿಗೆ ನನ್ನ ಹೆದರಿಕೆ ಅರ್ಧ ಕಡಿಮೆಯಾಯಿತು.

ಅದೇ ಹುದ್ದೆಗೆ ಅರ್ಜಿ ಹಾಕಿದ ಇನ್ನೊಬ್ಬರು ಅಪ್ಪನ ಬಳಿಯೇ ಕೆಲಸ ಕಲಿತ ಕೇರಳದ ಅಣ್ಣ. ಡಿಪ್ಲೊಮಾ ಆಗಿದೆ, ಕಂಪ್ಯೂಟರ್ ನೀರು ಕುಡಿದ ಹಾಗೆ. ತಯಾರಿಯ ದಿನಗಳಲ್ಲೂ ಇಬ್ಬರೂ ಒಂದೇ ವ್ಯಾನಿನಲ್ಲಿ ಹೋಗಿ ಬರುತ್ತಿದ್ದರು. ಇಂಟರ್‌ವ್ಯೂನಲ್ಲಿ ನಾವು ಯೋಚಿಸಿಯೇ ಇರದ ಪ್ರಶ್ನೆ ಬಂತಂತೆ: "ಅವರಿಗೆ ಈ ಕೆಲಸ ಸಿಕ್ಕಿದರೆ ನೀವು ಏನು ಮಾಡುತ್ತೀರಿ?" ಅಪ್ಪ ಹೇಳಿದರಂತೆ, "ಅವನು ಕಂಟ್ರೋಲ್ ರೂಮಿನಿಂದ ಹೇಳುತ್ತಾನೆ, ನಾನು ತಾರಸಿಯಲ್ಲಿ ಮಾಡುತ್ತೇನೆ. ಗೇಜ್ ಓದಲು ಅವನಿಗೆ ಕಲಿಸಿದ್ದು ನಾನು." ನಾನು ಎಂದು ಹೇಳಿದ್ದು ನನಗೆ ಸಮಾಧಾನ. ಅಮ್ಮ ಮಾತ್ರ ಅಂದು ರಾತ್ರಿ ಬಹಳ ಹೊತ್ತು ಮಾತಾಡಲಿಲ್ಲ.

ಫಲಿತಾಂಶ ಇನ್ನೂ ಬಂದಿಲ್ಲ. ನಾನು ಬರೆದ ಮೂವತ್ತೆರಡು ಪ್ರಶ್ನೆಗಳ ನೋಟ್‌ಬುಕ್ ಮನೆಯಲ್ಲಿದೆ. ನಿಮ್ಮ ಅಪ್ಪ ಅಮ್ಮನಿಗೆ ಬೇಕಾದರೆ ಕನ್ನಡ ತರಗತಿಯ ದಿನ ಕೇಳಿ, ಫೋಟೋ ತೆಗೆದುಕೊಳ್ಳಬಹುದು. ಉತ್ತರಗಳನ್ನು ಕೊಡುವುದಿಲ್ಲ, ಅವು ಅಪ್ಪನವು.