ಗಟ್ಟಿಮೇಳ ಶುರುವಾದಾಗ ನೀನು ಹಿಂದಕ್ಕೆ ತಿರುಗು

ಪ್ರೀತಿಯ ಪುಟ್ಟಿ,

ಇಲ್ಲಿ ಆಷಾಢ. ಛತ್ರಗಳೆಲ್ಲ ಬಿಕೋ ಅನ್ನುತ್ತಿವೆ, ಶುಕ್ರವಾರ ಬಂತೆಂದರೆ ಅರ್ಧ ಮೈಸೂರು ಚಾಮುಂಡಿ ಬೆಟ್ಟದ ಮೇಲಿರುತ್ತದೆ. ನನಗೂ ಈಗ ಮದುವೆಗಳ ಕೆಲಸವಿಲ್ಲ, ನಿನಗೆ ಸಾವಕಾಶವಾಗಿ ಬರೆಯೋಣ ಅಂತ ಕೂತೆ. ನೀನು ಕ್ಯಾಮೆರಾ ಕೊಂಡ ಸುದ್ದಿ ಚಿಕ್ಕಮ್ಮನ ಬಾಯಿಂದ ಕೇಳಬೇಕಾಯಿತಲ್ಲ, ಕಳ್ಳಿ! ಶ್ರಾವಣದಲ್ಲಿ ದೊಡ್ಡಪ್ಪನ ಮನೆ ಮದುವೆಗೆ "ಮಂಟಪ ಅಕ್ಕನಿಗೆ, ಬಂದವರೆಲ್ಲ ನನಗೆ" ಅಂತ ಆಗಲೇ ಪಾಲೂ ಮಾಡಿಕೊಂಡಿದ್ದೀಯಂತೆ. ಕೇಳಿ ಖುಷಿಯಾಯಿತು ಕಣೆ, ಒಂಚೂರು ದಿಗಿಲೂ ಆಯಿತು. ದೊಡ್ಡ ಪಾಲೇ ನಿನಗೆ ಬಂದಿದೆ.

ಮನೆಯ ಹಳೇ ಆಲ್ಬಮ್ ತೆಗೆದು ನೋಡು. ಅಜ್ಜನ ಕಾಲದ ಮದುವೆಗಳಲ್ಲಿ ಬಂದವರ ಮುಖವೇ ಸಿಗುವುದಿಲ್ಲ. ಆಗಿನ 120 ಫಿಲ್ಮಿನ ಒಂದು ಸುರುಳಿಯಲ್ಲಿ ಚೌಕದ ಚಿತ್ರ ಬರುತ್ತಿದ್ದದ್ದೇ 12. ತಾಳಿ, ಧಾರೆ, ಬೀಗರ ಜೊತೆ ಸಾಲಾಗಿ ನಿಂತ ಒಂದು ಗ್ರೂಪು, ಅಷ್ಟಕ್ಕೆ ಫಿಲ್ಮ್ ಮುಗಿಯುತ್ತಿತ್ತು. ಈಗ ಫಿಲ್ಮಿನ ಲೆಕ್ಕವಿಲ್ಲ, ಆದರೂ ವೇದಿಕೆ ಹತ್ತಿದವರಿಗೆ ಮಾತ್ರ ಚಿತ್ರ ಅನ್ನೋ ಅಭ್ಯಾಸ ಹೋಗಿಲ್ಲ. ಉಗ್ರಾಣದ ಬೀಗದಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ನಮ್ಮ ಸೋದರತ್ತೆಯನ್ನು ಯಾರು ಮೇಲೆ ಕರೆಯುತ್ತಾರೆ ಹೇಳು? ಮಾವ ಹೋದ ಮೇಲೆ ಆರತಿ ಹೊತ್ತಿಗೆ ಅತ್ತೆ ತಾನಾಗಿಯೇ ಕಂಬದ ಹಿಂದೆ ಸರಿದುಬಿಡುತ್ತಾಳೆ. ಅದನ್ನು ನೋಡಿದಾಗಲೆಲ್ಲ ನನ್ನ ಕರುಳು ಚುರ್ ಅನ್ನುತ್ತದೆ. ಅದು ಎಷ್ಟು ಹಳೆಯ ಪದ್ಧತಿಯೇ ಆಗಿರಲಿ, ನನಗೆ ಒಪ್ಪಿಗೆಯಿಲ್ಲ. ನಿನ್ನ ಕ್ಯಾಮೆರಾ ಮೊದಲು ಅವಳಿದ್ದಲ್ಲಿಗೆ ಹೋಗಲಿ. ಅವಳು ಅಡುಗೆಯವರನ್ನು ಗದರಿಸುವಾಗ ಎಷ್ಟು ಚೆಂದ ಕಾಣುತ್ತಾಳೆ ಅಂತ ಅವಳಿಗೇ ಗೊತ್ತಿಲ್ಲ.

ಕ್ಯಾಂಡಿಡ್ ಅಂದರೆ ಮರೆಯಲ್ಲಿ ನಿಂತು ಉದ್ದದ ಲೆನ್ಸಿನಲ್ಲಿ ಕದ್ದು ತೆಗೆಯುವುದು ಅಂತ ನಿನ್ನ ವಯಸ್ಸಿನವರು ತಿಳಿದಿರುತ್ತಾರೆ. ಹಾಗೆ ತೆಗೆದವನೂ ಒಬ್ಬನಿದ್ದ. 1920ರ ದಶಕದ ಕೊನೆಯಲ್ಲಿ ಜರ್ಮನಿಯ ಎರಿಕ್ ಸಾಲೊಮನ್ ಕೋರ್ಟಿನೊಳಗೆ ಟೋಪಿಯಲ್ಲಿ ಕ್ಯಾಮೆರಾ ಅಡಗಿಸಿಕೊಂಡು ಹೋಗಿ ಚಿತ್ರ ತೆಗೆದ. ಮುಂದೆ ದೇಶ ದೇಶಗಳ ಮಂತ್ರಿಗಳು ಸಭೆಯಲ್ಲಿ ತೂಕಡಿಸುವುದನ್ನೂ ಹಿಡಿದ. ಅವನ ಎದುರಿಗಿದ್ದವರು ಅಧಿಕಾರಸ್ಥರು, ಅಲ್ಲಿ ಆ ಗುಟ್ಟು ಬೇಕಾಗಿತ್ತು. ನಮ್ಮ ಛತ್ರದಲ್ಲಿ ಕೂತಿರುವವರು ನೆಂಟರಿಷ್ಟರಮ್ಮ! ಅವರಿಗೆ ನಿನ್ನ ಪರಿಚಯವಾಗಲಿ. ಹಿಂದಿನ ದಿನ ವರಪೂಜೆಗೇ ಬಂದುಬಿಡು. ತಾಂಬೂಲದ ಚೀಲ ತುಂಬುವವರ ಜೊತೆ ಕೂತು ನೀನೂ ಎಲೆ ಅಡಿಕೆ ಜೋಡಿಸು, ಕ್ಯಾಮೆರಾ ತೊಡೆಯ ಮೇಲಿರಲಿ. ಮೊದಲು ಎಲ್ಲರೂ ಸೆರಗು ಸರಿಮಾಡಿಕೊಂಡು ನೆಟ್ಟಗೆ ಕೂರುತ್ತಾರೆ, ಮಾತು ರಂಗೇರಿದ ಮೇಲೆ ಮರೆತುಬಿಡುತ್ತಾರೆ. ಆಗ ತೆಗಿ.

ನಮ್ಮೂರಿನ ಟಿ.ಎಸ್. ಸತ್ಯನ್ ಅವರ ಚಿತ್ರಗಳನ್ನು ನೀನು ನೋಡಲೇಬೇಕು. 1923ರಲ್ಲಿ ಇಲ್ಲೇ ಹುಟ್ಟಿ, ಮಹಾರಾಜ ಕಾಲೇಜಿನಲ್ಲಿ ಓದಿ, ಕ್ಯಾಮೆರಾ ಹಿಡಿದು ದೇಶವೆಲ್ಲ ತಿರುಗಿದವರು. 2009ರಲ್ಲಿ ಇಲ್ಲೇ ತೀರಿಕೊಂಡರು. 1977ರಲ್ಲಿ ಪದ್ಮಶ್ರೀ ಬಂತು. 1979ರ ಅಂತರರಾಷ್ಟ್ರೀಯ ಮಕ್ಕಳ ವರ್ಷದಲ್ಲಿ ಅವರ ಮಕ್ಕಳ ಚಿತ್ರಗಳು ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ಪ್ರದರ್ಶನಗೊಂಡವು. ಅವರ 'ಕಾಲಕ್ಕೆ ಕನ್ನಡಿ' ನನ್ನ ಕಪಾಟಿನಲ್ಲಿದೆ, ಬಂದಾಗ ಓದು. ಆ ಚಿತ್ರಗಳಲ್ಲಿರುವ ಬಡವರಾಗಲಿ ಮಕ್ಕಳಾಗಲಿ ಯಾರೂ ಚಿಕ್ಕವರಾಗಿ ಕಾಣುವುದಿಲ್ಲ. ನನಗೆ ಅದೇ ದೊಡ್ಡ ಪಾಠ. ಕೂತ ಅಜ್ಜಿಯನ್ನು ನಿಂತು ತೆಗೆಯಬೇಡ, ಜಮಖಾನದ ಮೇಲೆ ಅವಳ ಎದುರು ನೀನೂ ಕೂರು.

ಇನ್ನು ಮುಹೂರ್ತ. ಅಂತರಪಟ ಸರಿದು, ಪುರೋಹಿತರು ಕೈ ಎತ್ತಿ, ವಾಲಗದವರು ಗಟ್ಟಿಮೇಳ ಶುರುಮಾಡಿದ ಕೂಡಲೇ ಛತ್ರದ ಕ್ಯಾಮೆರಾಗಳೆಲ್ಲ ತಾಳಿಯ ಕಡೆ ನುಗ್ಗುತ್ತವೆ, ನನ್ನದೂ ಸೇರಿ. ನೀನು ಮಾತ್ರ ಮಂಟಪಕ್ಕೆ ಬೆನ್ನು ಮಾಡು. ಎಲ್ಲರೂ ಎದ್ದು ನಿಂತಿರುತ್ತಾರೆ, ಕೈತುಂಬ ಅಕ್ಷತೆ. ಯಾವಳೋ ಗೆಳತಿ ನಗುತ್ತಾ ಕಣ್ಣೊರೆಸಿಕೊಳ್ಳುತ್ತಾಳೆ, ಮೂವತ್ತು ವರ್ಷದ ಹಿಂದೆ ಮದುವೆಯಾದವರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ, ಪುಟ್ಟ ಹುಡುಗನೊಬ್ಬ ಅಕ್ಷತೆಯನ್ನು ಮುಂದಿನವರ ತಲೆಗೇ ಎಸೆಯುತ್ತಾನೆ. ಇಡೀ ಮದುವೆಯಲ್ಲಿ ಅಷ್ಟು ಜನ ಒಟ್ಟಿಗೆ ತಮ್ಮನ್ನು ತಾವು ಮರೆಯುವ ಹೊತ್ತು ಇನ್ನೊಂದಿಲ್ಲ. ಶಟರ್ 1/500 ಇಟ್ಟರೆ ಅಕ್ಷತೆ ಗಾಳಿಯಲ್ಲೇ ನಿಲ್ಲುತ್ತದೆ. ಎಲ್‌ಇಡಿ ದೀಪದಡಿ ಪಟ್ಟೆ ಪಟ್ಟೆಯಾಗಿ ಬಂದರೆ ಉಳಿದ ಹೊತ್ತಿನಲ್ಲಿ 1/100ಕ್ಕೆ ಇಳಿಸು, ನಮ್ಮ ಕರೆಂಟು 50 ಹರ್ಟ್ಸಿನದು, ಅದಕ್ಕೆ ಹೊಂದುತ್ತದೆ. ಐಎಸ್‌ಒ 3200ಕ್ಕೆ ಹೋದರೂ ಹೋಗಲಿ. ಫ್ಲ್ಯಾಶ್ ಮಾತ್ರ ಬೇಡ, ಒಮ್ಮೆ ಮಿಂಚಿತೋ ಸುತ್ತಲಿನವರೆಲ್ಲ ಫೋಟೋಕ್ಕೆ ನಿಂತುಬಿಡುತ್ತಾರೆ.

ಊಟದ ಪಂಕ್ತಿಯಲ್ಲಿ ಹುಷಾರು. ಬಾಯಿ ತುಂಬಿಕೊಂಡವರ ಚಿತ್ರ ಬೇಡವೇ ಬೇಡ. ಬಡಿಸುವವರು ಒಬ್ಬಟ್ಟು ತಂದಾಗ ಎಲೆಯ ಮೇಲೆ ಎರಡೂ ಕೈ ಅಡ್ಡ ಹಿಡಿದು "ಸಾಕು ಸಾಕು" ಅನ್ನುತ್ತಾರಲ್ಲ, ಆ ಮುಖ ತೆಗಿ. (ನೀನು ಅಡ್ಡ ಹಿಡಿಯುವವಳಲ್ಲ, ನನಗೆ ಗೊತ್ತು.)

ನನ್ನ ಚಿಂತೆ ಇನ್ನೊಂದಿದೆ. ತೆಗೆದದ್ದನ್ನೆಲ್ಲ ಅವತ್ತೇ ಸ್ಟೇಟಸ್ಸಿಗೆ ಹಾಕುವ ಚಪಲ ನಿನಗಿದೆ. ಹುಡುಗಿಯರ ಚಿತ್ರ ಅವರನ್ನು ಕೇಳದೆ, ಮಕ್ಕಳ ಚಿತ್ರ ಅವರ ಅಮ್ಮನನ್ನು ಕೇಳದೆ ಎಲ್ಲಿಗೂ ಹೋಗಕೂಡದು. ಯಾರಾದರೂ "ಬೇಡಮ್ಮಾ" ಅಂದರೆ ಅವರ ಎದುರಿಗೇ ಅಳಿಸು, ಎಷ್ಟೇ ಚೆನ್ನಾಗಿ ಬಂದಿರಲಿ. ಅಳುವಿನ ಚಿತ್ರವಾದರೆ ಅವರು ಕೇಳುವ ಮೊದಲೇ ನೀನೇ ತೋರಿಸು.

ಆಲ್ಬಮ್ ಹೇಗೂ ಮದುಮಕ್ಕಳ ಮನೆ ಸೇರುತ್ತದೆ, ಬಂದವರ ಕೈಗೆ ಏನೂ ಸಿಗುವುದಿಲ್ಲ. ಅದಕ್ಕೇ ನಿನ್ನನ್ನು ಕೇಳಿಕೊಳ್ಳುತ್ತೇನೆ: ಚೆನ್ನಾಗಿ ಬಂದವನ್ನು ಪ್ರಿಂಟ್ ಹಾಕಿಸು, ಖರ್ಚು ನನ್ನದು. ಗೌರಿ ಹಬ್ಬದೊಳಗೆ ಅವರವರ ಚಿತ್ರ ಅವರವರ ಮನೆಗೆ ತಲುಪಬೇಕು. ಅತ್ತೆಯದನ್ನು ನೀನೇ ಹೋಗಿ ಕೊಟ್ಟು ಬಾ.

ನಿನ್ನ
ಅಕ್ಕ