ಅಪ್ಪನ ಕಾರಿಗೆ ದೊಡ್ಡ ಗಾಲಿ

ಎಂಜಿನಿಯರಿಂಗ್ ಓದಿದ ಮಗ ಮನೆಯಲ್ಲಿದ್ದರೆ ಏನೇನು ಅನಾಹುತ ಆಗಬಹುದು ಅನ್ನೋದಕ್ಕೆ ನಾನೇ ಸಾಕ್ಷಿ :-)

ತೋರಣಗಲ್ಲಿನ ಪಕ್ಕದ ನಮ್ಮ ವಡ್ಡುವಿನಲ್ಲಿ ಅಪ್ಪನ ಹತ್ತಿರ ಒಂದು ಮಾರುತಿ 800 ಇದೆ. 2006ರ ಗಾಡಿ. 2014ರ ಜನವರಿಯಲ್ಲೇ ಈ ಮಾದರಿ ತಯಾರಿಸೋದು ನಿಂತುಹೋದರೂ ಬಿಡಿಭಾಗ ಸಿಗುತ್ತೆ. ಬೇಕಾಗೋದೂ ಜಾಸ್ತಿ ಬಿಡಿ. ಅದಿರು ಲಾರಿ ಓಡಾಡೋ ರಸ್ತೆ ನಮ್ಮದು. ಏರ್ ಫಿಲ್ಟರ್ ಬಿಚ್ಚಿದರೆ ಕುಂಕುಮದ ಭರಣಿ ತೆಗೆದಂಗಿರುತ್ತೆ! ಗುಂಡಿಗಳ ದಯೆಯಿಂದ ಲೋಯರ್ ಆರ್ಮ್ ಬುಶ್, ಬಾಲ್ ಜಾಯಿಂಟ್ ಒಂದಾದ ಮೇಲೊಂದು ಹೋಗ್ತಾನೇ ಇರ್ತವೆ. ಅಪ್ಪ ಹೊಸಪೇಟೆಗೆ ಹೋಗಿ ಹಾಕಿಸಿಕೊಂಡು ಬಂದು, ಹಳೇದನ್ನೂ ಗೋಣಿಚೀಲದಲ್ಲಿ ಕಟ್ಟಿಡ್ತಾರೆ. "ಇರ್ಲಿ, ಬೇಕಾಗ್ತೈತಿ."

ಆಯುಧಪೂಜೆಗೆ ಊರಿಗೆ ಹೋದವನು, ಅಪ್ಪನಿಗೆ ಏನಾದರೂ ಕೊಡಿಸೋಣ ಅಂತ ಅಲಾಯ್ ವೀಲ್ ಹಾಕಿಸಿದೆ. ಮೊದಲಿದ್ದದ್ದು 145/70 ಆರ್12. ನಾನು ಹಾಕಿಸಿದ್ದು 155/65 ಆರ್13. ಅಗಲ ಗಾಲಿ, ರಸ್ತೆ ಹಿಡಿತ ಚೆನ್ನಾಗಿರುತ್ತೆ ಅಂತ ಭಾಷಣ ಬೇರೆ. ಅಪ್ಪ ಸುತ್ತ ಒಂದು ಸಲ ತಿರುಗಿ ನೋಡಿ, "ಏನಪಾ, ಎತ್ತಿನ ಬಂಡಿಗೆ ಟ್ರ್ಯಾಕ್ಟರ್ ಗಾಲಿ ಹಾಕ್ಸಿದಂಗಾತಲ್ಲ" ಅಂದರು. ರೊಕ್ಕ ಎಷ್ಟಾತು ಅಂದಾಗ ಅರ್ಧ ಹೇಳಿದೆ. ನಿಂಬೆಹಣ್ಣು ಪಚಕ್ ಅಂದವು. ನಾನು ಬೆಂಗಳೂರು ಬಸ್ ಹತ್ತಿದೆ.

ಫೋನ್ ಮಾಡಿದಾಗೆಲ್ಲ "ಭಾಳ ಚಂದ ಓಡ್ತೈತಿ" ಅನ್ನೋರು.

ಸಂಕ್ರಾಂತಿಗೆ ಹೋಗಿ ಮೀಟರ್ ನೋಡ್ತೀನಿ, ಮೂರು ತಿಂಗಳಿಗೆ ಬರೀ 41 ಕಿಲೋಮೀಟರ್! ಅಡುಗೆಮನೆಯಲ್ಲಿ ಅಮ್ಮನ ಬಾಯಿ ಬಿಡಿಸಿದೆ. "ಸ್ಟೇರಿಂಗ್ ತಿರುವಾಕ ಆಗವಲ್ದು, ರಟ್ಟಿ ನೋಯ್ತಾವಂತ. ಸಕ್ಕರಿ ಚೆಕ್ ಮಾಡ್ಸಾಕ ಬಸ್ಸಿಗೇ ಹೋಗಿ ಬಂದಿವಿ. ನೀ ಬೇಜಾರ್ ಮಾಡ್ಕಂತಿ ಅಂತ ಹೇಳಬ್ಯಾಡ ಅಂದಾರ."

ಅಮ್ಮನ ಕಾಲು ಊದಿರೋದು ಆಗಲೇ ನಾನು ನೋಡಿದ್ದು.

ಆ ಗಾಡಿಗೆ ಪವರ್ ಸ್ಟೀರಿಂಗ್ ಇಲ್ಲ. ಗಾಲಿ ಅಗಲ ಆದಷ್ಟೂ ತೋಳಿಗೆ ಭಾರ, ಅದರಲ್ಲೂ ನಿಂತಲ್ಲೇ ತಿರುಗಿಸುವಾಗ. ರಾತ್ರಿ ಕೂತು ಲೆಕ್ಕ ಹಾಕಿದೆ. ಗಾಲಿಯ ವ್ಯಾಸ 508 ಮಿಲಿಮೀಟರ್‌ನಿಂದ 532ಕ್ಕೆ ಏರಿದೆ, ಹೆಚ್ಚುಕಮ್ಮಿ ನೂರಕ್ಕೆ ಐದು. ಅಂದ್ರೆ ಮೀಟರ್ 60 ತೋರಿಸುವಾಗ ಗಾಡಿ 63ರಲ್ಲಿ ಓಡ್ತಿರುತ್ತೆ. ಪಿಕಪ್ ಕೂಡ ಅಷ್ಟೇ ಕಮ್ಮಿ. ಆ 41ರಲ್ಲೂ ಎರಡು ಕಿಲೋಮೀಟರ್ ಕಳ್ಳಲೆಕ್ಕ! ಹಾಕಿಸೋ ಮುಂಚೆ ಮಾಡಬೇಕಾದ ಲೆಕ್ಕ ಇದು, ಐದು ನಿಮಿಷದ್ದು.

ಬೆಳಿಗ್ಗೆ ಅಪ್ಪನ ಕಡೆ ನೋಡದೆ ಕೇಳಿದೆ, "ಹಳೇ ಗಾಲಿ ಅದಾವೇನಪ್ಪ?"

ಇದ್ದವು, ಅಟ್ಟದ ಮೇಲೆ, ಗೋಣಿಚೀಲದಲ್ಲಿ.

ಹೊಸಪೇಟೆಯಲ್ಲಿ ಹಾಕಿಸಿದೆವು. ಮೆಕ್ಯಾನಿಕ್ ಭಾಯಿ ನಗಲಿಲ್ಲ, ಅದೊಂದು ಉಪಕಾರ. ಸವೆದಿದ್ದ ಟೈ ರಾಡ್ ಎಂಡ್ ಎರಡನ್ನೂ ಬದಲಿಸಿ, ಅಲೈನ್‌ಮೆಂಟ್ ಮಾಡಿಸಿ ಅಂದರು. ವಾಪಸ್ ಬರುವಾಗ ಅಪ್ಪನೇ ಓಡಿಸಿದರು. ನಮ್ಮ ಓಣಿಯ ತಿರುವಿನಲ್ಲಿ ಒಂದೇ ಸಲಕ್ಕೆ ತಿರುಗಿಸಿ ನನ್ನ ಕಡೆ ನೋಡಿದರು.

ದೊಡ್ಡ ಗಾಲಿಗಳನ್ನು ಭಾಯಿಯೇ ತಗೊಂಡರು, ನಾನು ಕೊಟ್ಟಿದ್ದರಲ್ಲಿ ಸರಿಯಾಗಿ ಅರ್ಧಕ್ಕೆ.

"ಹಾಕಿದ ರೊಕ್ಕ ಪೂರ್ತಿ ಬಂತಲ್ಲ, ಶಾಣ್ಯಾ ಅದೀ ಬಿಡು" ಅಂದರು ಅಪ್ಪ.